ಸ್ನೋ ವೈಟ್‌ಗೆ ಕಪ್ಪು ಕಾರ್ಸೆಟ್: ನಮ್ಮೂರ ಶೇರವಾನಿ ಮಾಸ್ಟರ್ ಕೈಕೆಲಸ

ಕಲಬುರಗಿಯಲ್ಲಿ ಕಾರ್ಸೆಟ್, ಅಂದರೆ ಸೊಂಟ ಹಿಡಿಯುವಂತೆ ದಾರ ಎಳೆದು ಕಟ್ಟುವ ಗಟ್ಟಿ ಕುಪ್ಪಸ, ಹೊಲಿದು ಕೊಡುವವರು ಇದ್ದಾರಾ? ಇದ್ದಾರೆ. ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಮೆಟ್ಟಿಲು ಹತ್ತಿ ಹೋದರೆ ಒಂದು ಸಣ್ಣ ಖೋಲಿ ಸಿಗುತ್ತದೆ. ಬೋರ್ಡ್ ಇಲ್ಲ. ಕೆಳಗಿನ ಗುಂಡಿ, ಲೇಸ್ ಮಾರುವ ಅಂಗಡಿಯಲ್ಲಿ ‘ಶೇರವಾನಿ ಮಾಸ್ಟರ್ ಎಲ್ಲಿ’ ಅಂತ ಕೇಳಿದರೆ ಸುಮ್ನೆ ಮೇಲಕ್ಕೆ ಬೆರಳು ತೋರಿಸುತ್ತಾರೆ. ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಆ ಒಂದು ಯಾಕೆ ಹೋಯಿತು ಅನ್ನುವುದು ಆಮೇಲೆ.

ನಾನು ಗಂಜ್ ಮಾರುಕಟ್ಟೆಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಬೆಂಗಳೂರಿನಲ್ಲಿ ಓದುವಾಗ ಗಾಥ್ ಅನ್ನುವ, ಕಪ್ಪು ಬಟ್ಟೆಯ ಮಂದಿಯ ಮಂಕು ರಾಕ್ ಹಾಡುಗಳ ಹುಚ್ಚು ಹತ್ತಿತ್ತು. ಊರಿಗೆ ಬಂದು, ಮದುವೆಯಾಗಿ, ತಲೆ ಅರ್ಧ ಬೆಳ್ಳಗಾದ ಮೇಲೂ ಅದು ಬಿಟ್ಟಿಲ್ಲ. ಈಗಲೂ ಕಪ್ಪು ಅಂಗಿ ಹಾಕಿಕೊಂಡೇ ಮಿಲ್ಲಿಗೆ ಹೋಗುತ್ತೇನೆ. ಮಧ್ಯಾಹ್ನದ ಹೊತ್ತಿಗೆ ತೊಗರಿ ಧೂಳು ಕೂತು ಅದು ಹಳದಿ ಆಗಿರುತ್ತದೆ, ಆ ಮಾತು ಬೇರೆ.

ಅಕ್ಕನ ಮಗಳು ಡಿಗ್ರಿ ಕೊನೆ ವರ್ಷದಲ್ಲಿದ್ದಾಳೆ. ಅವರ ಕಾಲೇಜಿನ ಗ್ಯಾದರಿಂಗ್‌ನಲ್ಲಿ ಫ್ಯಾಷನ್ ಶೋ ಇತ್ತು. ಹಳೆ ಕಥೆಯ ಒಂದು ಪಾತ್ರವನ್ನು ಇವತ್ತಿನ ಹುಡುಗರ ಸ್ಟೈಲಿನಲ್ಲಿ ತೋರಿಸಬೇಕು, ಅದೇ ಥೀಮ್. ಒಬ್ಬಳು ಪಂಕ್ ಸಿಂಡ್ರೆಲ್ಲಾ ಅಂದಳಂತೆ, ಇನ್ನೊಬ್ಬ ಹಿಪ್-ಹಾಪ್ ಅಲ್ಲಾವುದ್ದೀನ್. ಇವಳು ಮನೆಗೆ ಬಂದು, ‘ಮಾಮಾ, ನಾನು ಗಾಥ್ ಸ್ನೋ ವೈಟ್. ಖರ್ಚು ನಿಂದು’ ಅಂದಳು. ಸೋದರಮಾವ ಅಂದರೆ ಸೀರೆ ಕೊಡಿಸುವವನು. ನನ್ನ ಪಾಲಿಗೆ ಕಾರ್ಸೆಟ್ ಬಂತು.

ಅವಳ ಆಯ್ಕೆ ಕೇಳಿ ನನಗೆ ಖುಷಿಯಾಯಿತು. ಗ್ರಿಮ್ ಸಹೋದರರು 1812ರಲ್ಲಿ ಜರ್ಮನಿಯಲ್ಲಿ ಅಚ್ಚು ಹಾಕಿಸಿದ ಕಥೆ ಹೇಗೆ ಶುರುವಾಗುತ್ತದೆ ನೋಡಿ. ರಾಣಿ ಕಿಟಕಿ ಹತ್ತಿರ ಕೂತು ಹೊಲಿಗೆ ಹಾಕುತ್ತಿರುತ್ತಾಳೆ. ಹೊರಗೆ ಹಿಮ ಬೀಳುತ್ತಿದೆ. ಕಿಟಕಿಯ ಚೌಕಟ್ಟು ಕರಿಮರದ್ದು. ಸೂಜಿ ಬೆರಳಿಗೆ ಚುಚ್ಚಿ ಮೂರು ಹನಿ ರಕ್ತ ಹಿಮದ ಮೇಲೆ ಬೀಳುತ್ತದೆ. ಹಿಮದಷ್ಟು ಬಿಳಿ, ರಕ್ತದಷ್ಟು ಕೆಂಪು, ಈ ಮರದಷ್ಟು ಕಪ್ಪು ಇರುವ ಮಗು ಬೇಕು ಅಂತ ಆಸೆ ಪಡುತ್ತಾಳೆ. ಕಪ್ಪು, ಕೆಂಪು, ಬಿಳಿ. ಇಂಗ್ಲೆಂಡಿನಲ್ಲಿ 1970ರ ದಶಕದ ಕೊನೆಗೆ ಪಂಕ್ ಹಾಡುಗಾರರ ಗುಂಪಿನಿಂದ ಒಡೆದು ಬಂದ ಗಾಥ್ ಮಂದಿ ಹಾಕಿಕೊಂಡಿದ್ದೂ ಇದೇ ಮೂರು ಬಣ್ಣ. ಲಂಡನ್ನಿನ ಸೋಹೋದಲ್ಲಿ 1982ರಲ್ಲಿ ಬ್ಯಾಟ್‌ಕೇವ್ ಕ್ಲಬ್ ಶುರುವಾದಾಗ ಬಾಗಿಲಲ್ಲಿ ನಿಂತವರ ಮುಖ ಬಿಳಿ, ತುಟಿ ಕೆಂಪು, ಉಳಿದದ್ದೆಲ್ಲ ಕಪ್ಪು.

ಇನ್ನೂ ಒಂದಿದೆ. ಮಲತಾಯಿ ಸೇಬಿನಿಂದ ಕೊಲ್ಲಲು ನೋಡಿದಳು ಅಂತಷ್ಟೇ ಎಲ್ಲರಿಗೂ ನೆನಪು. ಗ್ರಿಮ್ ಕಥೆಯಲ್ಲಿ ಅವಳು ಮೂರು ಸಲ ಬರುತ್ತಾಳೆ. ಮೊದಲು ವ್ಯಾಪಾರದವಳ ವೇಷದಲ್ಲಿ ಬಂದು, ಎದೆಗೆ ಬಿಗಿಯುವ ಬಣ್ಣದ ದಾರ ಮಾರಿ, ‘ಬಾ ನಾನೇ ಕಟ್ಟುತ್ತೇನೆ’ ಅಂತ ಉಸಿರು ನಿಲ್ಲುವ ಹಾಗೆ ಎಳೆದು ಕಟ್ಟುತ್ತಾಳೆ. ಎರಡನೇ ಸಲ ವಿಷದ ಬಾಚಣಿಗೆ. ಸೇಬು ಬರುವುದು ಮೂರನೇ ಸಲಕ್ಕೆ. ಅಂದರೆ ಕೊಲೆಗೆ ತಂದ ಸಾಮಾನಿನಲ್ಲಿ ಎರಡು ಅಲಂಕಾರದವೇ. ನಾವು ಮಾವ-ಸೊಸೆ ಕೂತು ಇದನ್ನೇ ಡಿಸೈನ್ ಮಾಡಿಕೊಂಡೆವು. ದಾರ, ಬಾಚಣಿಗೆ, ಸೇಬು ಮೂರೂ ಅವಳ ಮೈಮೇಲೆ ಇರಬೇಕು. ಆದರೆ ಅವಳದ್ದಾಗಿ ಇರಬೇಕು.

ಮೊದಲು ಬಾಡಿಗೆ ಡ್ರೆಸ್ ಕೊಡುವ ಒಂದು ಅಂಗಡಿಗೆ ಹೋದೆವು. ಹೆಸರು ಬೇಡ. ಹಳದಿ ಲಂಗ, ನೀಲಿ ಕುಪ್ಪಸ, ಕೆಂಪು ಹೇರ್‌ಬ್ಯಾಂಡ್, ಎಲ್ಲ ಪಾಲಿಸ್ಟರ್. ಕಂಕುಳ ಹತ್ತಿರ ಹಿಂದಿನವರ ಬೆವರಿನ ಕಲೆ ಹಾಗೇ ಇತ್ತು. ‘ಸ್ನೋ ವೈಟ್ ಅಂದ್ರ ಇದೇರಿ’ ಅಂದರು. ಅದು ಡಿಸ್ನಿ 1937ರಲ್ಲಿ ಮಾಡಿದ ಸಿನಿಮಾದ ಸ್ನೋ ವೈಟ್. ಒಂದೇ ಸಿನಿಮಾ ಜಗತ್ತಿನ ಎಲ್ಲ ಮಕ್ಕಳ ತಲೆಯಲ್ಲೂ ಒಂದೇ ಲಂಗ ತೊಡಿಸಿಬಿಟ್ಟಿದೆ. ಆನ್‌ಲೈನಿನಲ್ಲಿ ಕಾರ್ಸೆಟ್ ನೋಡಿದೆವು. ಅಗ್ಗದವು ಬರೀ ಎಲಾಸ್ಟಿಕ್, ಒಳ್ಳೆಯವು ಕೈಗೆ ಎಟುಕುವುದಿಲ್ಲ. ಮಿಲ್ಲಿನ ಹಮಾಲರ ಮೇಸ್ತ್ರಿ ಮಗನ ಮದುವೆಗೆ ಶೇರವಾನಿ ಹೊಲಿದವರ ವಿಳಾಸ ಆಗ ನೆನಪಾಯಿತು.

ಮಾಸ್ಟರ್‌ಗೆ ಅರವತ್ತು ದಾಟಿರಬಹುದು. ಫೋಟೋ ತೋರಿಸಿದೆವು. ಕನ್ನಡಕ ಹಣೆಗೆ ಏರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ಹೊಲಿಗೆ ಎಲ್ಲೆಲ್ಲಿ ಬಂದಿದೆ ಅಂತ ಎಣಿಸಿದರು. ಹುಡುಗಿ ಯಾಕೆ ಇಂಥದ್ದು ಹಾಕುತ್ತಾಳೆ ಅಂತ ಕೇಳಲೇ ಇಲ್ಲ. ಇದಕ್ಕೇ ಅರ್ಧ ಸ್ಟಾರ್ ಕೊಡಬೇಕು. ‘ಇದು ಬ್ಲೌಸ್ ಅಲ್ರಿ ಸರ್. ಕಮರ್‌ನಾಗ ಹಿಡೀಬೇಕು, ಎದಿಗಿ ಉಸಿರು ಬಿಡಬೇಕು. ಶೇರವಾನಿ ಮಾಡೋ ಕೈಗೆ ಇದು ಆಗ್ತದ’ ಅಂದರು. ನಿಜ. ಶೇರವಾನಿ ನೆಟ್ಟಗೆ ನಿಲ್ಲುವುದು ಮೇಲಿನ ಬಟ್ಟೆಯಿಂದ ಅಲ್ಲ, ಒಳಗಿನ ಕ್ಯಾನ್ವಾಸ್, ಬಕ್ರಂನಿಂದ. ಕಾರ್ಸೆಟ್ ಕೂಡ ಹಾಗೇ. ಬ್ಲೌಸ್ ಹೊಲಿಯುವವರ ಹತ್ತಿರ ಹೋಗಿದ್ದರೆ ಬಿಗಿ ಬ್ಲೌಸ್ ಬರುತ್ತಿತ್ತು ಅಷ್ಟೇ.

ಸೂಜಿ ಚುಚ್ಚಿ ಮೂರು ಹನಿ ರಕ್ತ ಬಿದ್ದ ಕಥೆಯನ್ನು ಹುಡುಗಿ ಹೇಳಿದಳು. ಮಾಸ್ಟರ್ ಪೂರ್ತಿ ಕೇಳಿ, ‘ನಮಗ ದಿನಾ ಚುಚ್ತದವ್ವಾ. ಮನ್ಯಾಗ ಒಬ್ರೂ ರಾಣಿ ಹುಟ್ಟಿಲ್ಲ’ ಅಂದರು.

ಬಟ್ಟೆ ನಮ್ಮದೇ. ನಮ್ಮ ಅವ್ವನ ಹಳೆ ಇಳಕಲ್ ಸೀರೆ, ಕಪ್ಪು ಮೈ, ಮಡಿಕೆ ಬಿದ್ದಲ್ಲೆಲ್ಲ ಹರಿದಿತ್ತು. ಕತ್ತರಿ ಹಾಕಬೇಕು ಅಂದಾಗ ಅಕ್ಕ ಮೊದಲು ಮುಖ ಗಂಟು ಹಾಕಿದಳು. ವಯಸ್ಸಿಗೆ ಬಂದ ಹುಡುಗಿಗೆ ಮೇಲಿಂದ ಕೆಳಗಿನವರೆಗೆ ಕಪ್ಪು ಯಾಕೆ ಅಂತ ಅವಳ ತಕರಾರು. ಸಂಕ್ರಾಂತಿಗೆ ನೀನೇ ಕರಿ ಸೀರೆ ಉಡ್ತೀಯಲ್ಲ, ಅವ್ವ ಚಂದ್ರಕಾಳಿ ಉಟ್ಟಾಗ ಎಷ್ಟು ಚಂದ ಕಾಣುತ್ತಿದ್ದಳು ಅಂತ ನೆನಪಿಸಿದೆ. ಆಮೇಲೆ ತಾನೇ ಟ್ರಂಕ್ ತೆಗೆದು ಕೊಟ್ಟಳು.

ಇಳಕಲ್ ಸೀರೆಯ ಸೆರಗು ನೋಡಿದ್ದೀರಲ್ವಾ? ಕೆಂಪು ರೇಷ್ಮೆ, ಅದರ ಮೇಲೆ ಬಿಳಿ ಚಿತ್ತಾರ. ಮೈ ಕಪ್ಪಾದರೆ ಒಂದೇ ಸೀರೆಯಲ್ಲಿ ಸ್ನೋ ವೈಟ್‌ನ ಮೂರು ಬಣ್ಣವೂ ಸಿಕ್ಕಿತು. ಆ ಬಿಳಿ ಚಿತ್ತಾರಗಳಲ್ಲಿ ಒಂದರ ಹೆಸರು ಹಣಿಗೆ. ಹಲ್ಲು ಹಲ್ಲಾಗಿ ಬಾಚಣಿಗೆಯ ಹಾಗೇ ನೇಯ್ದಿರುತ್ತಾರೆ. ಬಾಚಣಿಗೆ ಎಲ್ಲಿಡುವುದು ಅಂತ ನಾವು ತಲೆ ಕೆಡಿಸಿಕೊಂಡಿದ್ದೆವು. ಅದು ಅವ್ವನ ಸೆರಗಿನಲ್ಲೇ ಇತ್ತು. ಮಾಸ್ಟರ್ ಆ ಹಣಿಗೆ ಪಟ್ಟಿಯನ್ನು ಬಿಡಿಸಿ ತೆಗೆದು ಕಾರ್ಸೆಟ್ಟಿನ ಮೇಲಂಚಿಗೆ, ಹಲ್ಲು ಕೆಳಮುಖವಾಗಿ ಬರುವ ಹಾಗೆ ಕೂಡಿಸಿದರು. ಪಟ್ಟಿ ಸ್ವಲ್ಪ ಸಾಲಲಿಲ್ಲ. ಜೋಡು ಹಾಕಿದ ಜಾಗ ಕಂಕುಳ ಕೆಳಗೆ ಬರುವಂತೆ ನೋಡಿಕೊಂಡರು. ತೋಳೆತ್ತಿದರೂ ಗೊತ್ತಾಗುವುದಿಲ್ಲ.

ಹಳೆ ಹತ್ತಿ ಬಟ್ಟೆ ಎಳೆತ ತಡೆಯುವುದಿಲ್ಲ. ಅದಕ್ಕೆ ನಡುವೆ ಗಟ್ಟಿ ಡ್ರಿಲ್ ಬಟ್ಟೆ, ಒಳಗೆ ಮೈಗೆ ತಾಗುವ ಕಡೆ ಮೆತ್ತನೆಯ ಹತ್ತಿ ಅಸ್ತರ್. ಎಳೆತವೆಲ್ಲ ಡ್ರಿಲ್ ಮೇಲೆ, ಇಳಕಲ್ ಮೇಲೆ ಬರೀ ನೋಟ. ಹಳೇ ಕಾಲದಲ್ಲಿ ಕಾರ್ಸೆಟ್ ನೆಟ್ಟಗೆ ನಿಲ್ಲಲಿ ಅಂತ ತಿಮಿಂಗಿಲದ ಬಾಯೊಳಗಿನ ಪಟ್ಟಿ ಹಾಕುತ್ತಿದ್ದರು, ಆಮೇಲೆ ಉಕ್ಕು ಬಂತು. ಇಲ್ಲಿ ಎರಡೂ ಇಲ್ಲ. ಎಲೆಕ್ಟ್ರಿಕ್ ಅಂಗಡಿಯ ಅಗಲ ಕೇಬಲ್ ಟೈ ತಂದು ಕೊಡಿ ಅಂತ ನಾನೇ ಹೇಳಿದ್ದು. ಕಾಸ್‌ಪ್ಲೇ ಮಾಡುವವರು, ಅಂದರೆ ಸಿನಿಮಾ, ಕಾಮಿಕ್ಸ್ ಪಾತ್ರಗಳ ವೇಷ ಹಾಕುವವರು, ಇದನ್ನೇ ಬಳಸುತ್ತಾರೆ. ಮಾಸ್ಟರ್ ಒಂದನ್ನು ಬಗ್ಗಿಸಿ, ಬಿಟ್ಟು, ಮತ್ತೆ ಬಗ್ಗಿಸಿ ನೋಡಿದರು. ತಲೆಯ ಗಂಟು ಕತ್ತರಿಸಿ, ತುದಿಯನ್ನು ಮೇಣದಬತ್ತಿಗೆ ಹಿಡಿದು, ಇಸ್ತ್ರಿ ಪೆಟ್ಟಿಗೆಯ ಅಂಚಿಗೆ ಉಜ್ಜಿ ಗುಂಡಗೆ ಮಾಡಿದರು. ತುದಿ ಚೂಪಾಗಿದ್ದರೆ ಹುಡುಗಿ ಕೂತಾಗ ಪಕ್ಕೆಗೆ ಚುಚ್ಚುತ್ತದೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ದಾರ ಪೋಣಿಸುವ ಐಲೆಟ್ಟಿನದ್ದು ಇನ್ನೊಂದು ಕಥೆ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕವು ತೆಳು, ಎಳೆದರೆ ಕಿತ್ತು ಬರುವಂಥವು. ಮಾಸ್ಟರ್ ತಮ್ಮ ಹುಡುಗನನ್ನು ಪಕ್ಕದ ಫ್ಲೆಕ್ಸ್ ಬ್ಯಾನರ್ ಅಂಗಡಿಗೆ ಓಡಿಸಿದರು. ಬ್ಯಾನರ್ ಕಟ್ಟಲು ಮೂಲೆಗೆ ಹೊಡೆಯುವ ದಪ್ಪ ರಿಂಗ್ ಇರುತ್ತದಲ್ಲ, ಅದೇ. ಅಲ್ಲಿನ ಹುಡುಗ ಯಾರದ್ದೋ ಹುಟ್ಟುಹಬ್ಬದ ಶುಭಾಶಯದ ಬ್ಯಾನರ್ ಪಕ್ಕಕ್ಕೆ ಸರಿಸಿ, ನಮ್ಮ ಕಾರ್ಸೆಟ್ ಹಾಸಿ, ಸುತ್ತಿಗೆಯಲ್ಲಿ ಠಣ್ ಠಣ್ ಅಂತ ಎರಡು ಸಾಲು ಹೊಡೆದುಕೊಟ್ಟ. ಬೆಳ್ಳಿ ಬಣ್ಣದ ಆ ದಪ್ಪ ರಿಂಗುಗಳು ಕಪ್ಪಿನ ಮೇಲೆ ಎಷ್ಟು ಒರಟಾಗಿ, ಎಷ್ಟು ಸರಿಯಾಗಿ ಕಂಡವು ಅಂದರೆ, ದುಡ್ಡು ಕೊಟ್ಟು ವಿದೇಶದಿಂದ ತರಿಸಿದ್ದರೂ ಇಷ್ಟು ಗಾಥ್ ಆಗುತ್ತಿರಲಿಲ್ಲ.

ದಾರ ಕಟ್ಟುವುದು ಸಾಮಾನ್ಯವಾಗಿ ಬೆನ್ನ ಹಿಂದೆ. ಹುಡುಗಿ ಒಪ್ಪಲಿಲ್ಲ. ‘ಹಿಂದ ಕಟ್ಟಬೇಕಂದ್ರ ಇನ್ನೊಬ್ಬರ ಕೈ ಬೇಕು ಮಾಮಾ. ಕಥೆಯೊಳಗ ಅದೇ ಅಲ್ವಾ ಆಗಿದ್ದು? ಮುಂದೇ ಇರ್ಲಿ, ನಾನೇ ಕಟ್ಕೋತೀನಿ, ಬೇಕಾದಷ್ಟೇ ಬಿಗೀತೀನಿ’ ಅಂದಳು. ಇಡೀ ಡ್ರೆಸ್ಸಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. ಮಾಸ್ಟರ್ ಮೊದಲು ಹಾಕಿದ ಲೆಕ್ಕವನ್ನೆಲ್ಲ ಬದಲಿಸಬೇಕಾಯಿತು. ಗೊಣಗಿದರು, ಮಾಡಿದರು. ದಾರ ಬಿಚ್ಚಿದಾಗ ಮೈ ಕಾಣಬಾರದು ಅಂತ ಒಳಗೆ ಕೆಂಪು ಸೆರಗಿನದ್ದೇ ಒಂದು ಪಟ್ಟಿ ಇಟ್ಟರು. ಅದನ್ನು ನಾವು ಕೇಳಿರಲಿಲ್ಲ. ದಾರದ ಸಂದಿಯಲ್ಲಿ ಕೆಂಪು ಅಷ್ಟಷ್ಟೇ ಇಣುಕುತ್ತದೆ.

ಸೇಬಿಗೆ ಬೀದರಿಗೆ ಹೋದೆವು. 2017ರಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗ ಶುರುವಾದ ಮೇಲೆ ಇದು ಕಷ್ಟದ ಕೆಲಸವಲ್ಲ. ಗಾಥ್ ಮಂದಿ ಕಪ್ಪು ಬಟ್ಟೆಯ ಮೇಲೆ ಬೆಳ್ಳಿ ಹಾಕಿಕೊಳ್ಳುತ್ತಾರೆ, ಬಂಗಾರ ಕಡಿಮೆ. ಕಪ್ಪಿನೊಳಗೇ ಬೆಳ್ಳಿ ಕೂರಿಸುವ ಕೆಲಸ ನಮ್ಮ ಬಗಲಲ್ಲೇ ನಡೆದಿದೆ, ಬಹಮನಿ ಸುಲ್ತಾನರ ಕಾಲದಿಂದ. ಬಿದರಿ ಅನ್ನುವುದು ಇದಕ್ಕೇ. ಚೌಬಾರಾ ಗೋಪುರದ ಹತ್ತಿರ ಬಿದರಿ ಅಂಗಡಿಗಳಲ್ಲಿ ಹೂದಾನಿ, ಹುಕ್ಕಾ, ಆನೆ ಎಲ್ಲ ಇರುತ್ತವೆ. ಸೇಬು ಇರಲಿಲ್ಲ. ಹುಡುಗಿ ಚೀಟಿಯ ಹಿಂದೆ ಬರೆದು ತೋರಿಸಿದಳು. ಕಥೆಯ ಸೇಬು ಒಂದು ಬದಿ ಬಿಳಿ, ಇನ್ನೊಂದು ಬದಿ ಕೆಂಪು, ವಿಷ ಇರುವುದು ಕೆಂಪಿನಲ್ಲಿ ಮಾತ್ರ. ಬಿಳಿ ಬದಿ ತಾನು ತಿಂದು ತೋರಿಸುತ್ತಾಳೆ ಮಲತಾಯಿ. ನಮ್ಮ ಸೇಬಿಗೆ ಅರ್ಧ ಬೆಳ್ಳಿ ಬಳ್ಳಿ, ಅರ್ಧ ಬರೀ ಕಪ್ಪು.

ಮಾಡುವುದನ್ನು ಕೂತು ನೋಡಲು ಬಿಟ್ಟರು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ತುಂಡು, ನೋಡಲು ಮಾಮೂಲಿ ಬೂದು ಬಣ್ಣ. ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ಮಾಡುತ್ತಾರೆ, ಗೆರೆ ಕಾಣಲಿ ಅಂತ. ಉಳಿಯಲ್ಲಿ ಗೆರೆ ಕೊರೆದು ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಉಜ್ಜಿದ ಮೇಲೆ ಬೆಳ್ಳಿ ಯಾವುದು, ಸತು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಕೊನೆಗೆ ಬೀದರ್ ಕೋಟೆಯ ಹಳೇ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಿಗೆ ಬಿಟ್ಟರೆ ಸತು ಪೂರ್ತಿ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮೇಲೆ ಎಣ್ಣೆ ಸವರಿದರೆ ಮುಗಿಯಿತು. ಬಿಸಿಲು, ಮಳೆ ತಾಗದ ಜಾಗದ ಮಣ್ಣೇ ಬೇಕಂತೆ, ನಾಲಿಗೆಗೆ ಇಟ್ಟು ನೋಡಿ ಆರಿಸುತ್ತಾರೆ. ಈ ಕೆಲಸಕ್ಕೆ 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಪೇಪರಿನಲ್ಲಿ ಓದಿರುತ್ತೀರಿ. ಪೆಂಡೆಂಟ್ ಚಂದ ಬಂತು, ಆದರೆ ಸಣ್ಣ ಸರಕ್ಕೆ ಭಾರ. ಕಪ್ಪು ರಿಬ್ಬನ್ನಿಗೆ ಕಟ್ಟಿದೆವು.

ಬೂಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆನ್‌ಲೈನಿನಲ್ಲಿ ತರಿಸಿದ ದಪ್ಪ ಅಟ್ಟೆಯ ಬೂಟು. ಮೊದಲ ವಾರದಲ್ಲೇ ಅಟ್ಟೆ ಬಾಯಿ ಬಿಟ್ಟಿತು. ನಮ್ಮ ಬಿಸಿಲಿಗೆ ಅಂಟು ಕರಗಿರಬೇಕು. ಸ್ಟೇಶನ್ ಹತ್ತಿರ ಮರದ ಕೆಳಗೆ ಕೂರುವ ಮೋಚಿ ಸುತ್ತಲೂ ಕೆಂಪು ದಾರದಲ್ಲಿ ಹೊಲಿದುಕೊಟ್ಟ ಮೇಲೆ ಮೊದಲಿಗಿಂತ ಚಂದ ಕಂಡಿತು. ಗ್ರಿಮ್ ಕಥೆಯ ಕೊನೆಯಲ್ಲಿ ಮಲತಾಯಿಗೆ ಕೆಂಡದಲ್ಲಿ ಕಾಯಿಸಿದ ಕಬ್ಬಿಣದ ಚಪ್ಪಲಿ ತೊಡಿಸಿ ಸಾಯುವ ತನಕ ಕುಣಿಸುತ್ತಾರೆ. ಏಪ್ರಿಲ್ ಮಧ್ಯಾಹ್ನ ಕಲಬುರಗಿಯಲ್ಲಿ ಕಪ್ಪು ಬೂಟು ಹಾಕಿಕೊಂಡವರಿಗೆ ಅದರ ಅಂದಾಜು ಇರುತ್ತದೆ.

ಮೇಕಪ್ಪಿನಲ್ಲಿ ಜಗಳವೇ ಆಯಿತು. ಪಾರ್ಲರಿನವರು ಬಿಳಿ ಬೇಸ್ ತೆಗೆದು ನಿಂತಿದ್ದರು. ಸ್ನೋ ವೈಟ್ ಅಂದಮೇಲೆ ಬಿಳಿ ಇರಬೇಕಲ್ಲ, ಇವಳ ಬಣ್ಣ ‘ಸ್ವಲ್ಪ ಕಡಿಮಿ’ ಅದ ಅಂತ. ನಮ್ಮ ಹುಡುಗಿ ಎಣ್ಣೆಗಪ್ಪು, ಅದರ ಮೇಲೆ ಬಿಳಿ ಬಳಿದರೆ ಬೂದಿ ಬಡಿದಂತೆ ಆಗುತ್ತದೆ. ಅವಳು ಡಬ್ಬಿ ಮುಚ್ಚಿಸಿದಳು. ಬಿಳಿ ಸೆರಗಿನಲ್ಲಿದೆ, ಬೆಳ್ಳಿಯಲ್ಲಿದೆ, ಸಾಕು. ಕಣ್ಣಿಗೆ ಮಾತ್ರ ಕಾಡಿಗೆ, ಎರಡೂ ಕಡೆ ಕಿವಿಯ ಹತ್ತಿರದ ತನಕ ಎಳೆದದ್ದು. ತುಟಿಗೆ ಒಣಗಿದ ರಕ್ತದ ಕೆಂಪು. ಗಾಥ್ ಅಂದರೆ ಬಿಳಿ ಮುಖ ಅಂದುಕೊಂಡವರು ಇವಳನ್ನು ಒಂದು ಸಲ ನೋಡಬೇಕಿತ್ತು.

ಶೋನಲ್ಲಿ ಅವಳು ನಡೆದು ಬಂದು, ಮಧ್ಯದಲ್ಲಿ ನಿಂತು, ಕಾರ್ಸೆಟ್ಟಿನ ದಾರವನ್ನು ತಾನೇ ಬಿಚ್ಚಿ ಸಡಿಲ ಮಾಡಿ, ಜೋರಾಗಿ ಉಸಿರು ತೆಗೆದುಕೊಂಡು, ಮತ್ತೆ ಕಟ್ಟಿಕೊಂಡಳು. ಹುಡುಗಿಯರ ಕಡೆಯಿಂದ ಸಿಳ್ಳೆ ಬಿತ್ತು. ಎರಡನೇ ಬಹುಮಾನ. ಮೊದಲನೆಯದು ಪಂಕ್ ಸಿಂಡ್ರೆಲ್ಲಾಗೆ ಹೋಯಿತು, ಸರಿಯಾಗೇ ಹೋಯಿತು. ಆ ಹುಡುಗಿ ಕಸಬರಿಗೆಯ ಕಡ್ಡಿಯನ್ನೇ ತಲೆ ನಡುವೆ ನೆಟ್ಟಗೆ ನಿಲ್ಲುವ ಮೊಹಾಕ್ ಜುಟ್ಟಿನ ಥರ ಕಟ್ಟಿಕೊಂಡು, ಮೈತುಂಬ ಸೇಫ್ಟಿ ಪಿನ್ ಚುಚ್ಚಿಕೊಂಡು, ಒಂದೇ ಕಾಲಿಗೆ ಬೂಟು ಹಾಕಿ ಬಂದಿದ್ದಳು. ಅಕ್ಕ ಮಾತ್ರ ಬಹುಮಾನದ ವಿಷಯಕ್ಕೆ ಹೋಗಲಿಲ್ಲ. ‘ಇಷ್ಟು ಕರ್ರಗ ಹಾಕ್ಕೊಂಡ್ರ ದೃಷ್ಟಿ ಆಗಂಗಿಲ್ಲ ಬಿಡು’ ಅಂದಳು.

ಈಗ ಆ ಒಂದು ಸ್ಟಾರ್. ಮಾಸ್ಟರ್ ಹೇಳಿದ ದಿನಕ್ಕೆ ಕೊಡಲಿಲ್ಲ. ‘ನಾಳಿ ಬರ್ರಿ’ ಅನ್ನುವುದು ಅಲ್ಲಿ ಗೋಡೆಯ ಮೇಲಿನ ಗಡಿಯಾರಕ್ಕಿಂತ ಹೆಚ್ಚು ಸಲ ಕೇಳಿಸುತ್ತದೆ. ಶೋ ಮುಂಚಿನ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಕೈಗೆ ಬಂತು. ಎಡಗಡೆ ಸೊಂಟದ ಹತ್ತಿರ ಒಂದು ಪಟ್ಟಿ ಕೂದಲೆಳೆಯಷ್ಟು ವಾರೆ ಇದೆ, ಕನ್ನಡಿಯಲ್ಲಿ ಕಾಣುತ್ತದೆ. ರಾತ್ರಿ ಅವಸರದಲ್ಲಿ ಹೊಲಿದದ್ದಕ್ಕೇ ಹಾಗಾಗಿದ್ದು. ತೋಳಿನ ಬುಗ್ಗೆ ಎರಡೂ ಒಂದೇ ಎತ್ತರಕ್ಕೆ ಇರಲಿಲ್ಲ. ಅದನ್ನು ಕೇಳಿದ ತಕ್ಷಣ ಬಿಚ್ಚಿ ಸರಿ ಮಾಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಹುಡುಗಿಯರಿಗೆ ಟ್ರಯಲ್ ನೋಡಲು ಜಾಗ ಇಲ್ಲ, ಕೆಳಗಿನ ಲೇಸ್ ಅಂಗಡಿಯವರ ಮನೆ ಒಳಕೋಣೆಗೆ ಹೋಗಬೇಕು. ಅವರ ಹೆಂಡತಿ ಒಳ್ಳೆಯವರು, ಚಹಾ ಕೂಡ ಕೊಟ್ಟರು. ಆದರೂ ಒಂದು ಪರದೆ ಕಟ್ಟಿಸಿದರೆ ಏನು ಹೋಗುತ್ತದೆ?

ಕಾರ್ಸೆಟ್ ಮತ್ತು ಲಂಗ ಸೇರಿ ಹೊಲಿಗೆಗೆ 2,200 ರೂಪಾಯಿ ತೆಗೆದುಕೊಂಡರು. ಡ್ರಿಲ್, ಅಸ್ತರ್ ಅದರಲ್ಲೇ. ಫ್ಲೆಕ್ಸ್ ಅಂಗಡಿಯವನಿಗೆ ಬೇರೆ ಕೊಡಬೇಕು, ಅದು ಚಿಲ್ಲರೆ. ಲಗ್ನದ ಸೀಸನ್ನಿನಲ್ಲಿ, ರಂಜಾನ್ ಕೊನೆಯ ದಿನಗಳಲ್ಲಿ ಹೋಗಬೇಡಿ, ತಲೆ ಎತ್ತಿ ನೋಡುವುದಿಲ್ಲ. ಕೇಬಲ್ ಟೈ ನೀವೇ ಒಯ್ಯಿರಿ, ಅಗಲದ್ದು. ಅಸ್ತರ್ ಹತ್ತಿಯದ್ದೇ ಅಂತ ಎರಡು ಸಲ ಹೇಳಿ, ಇಲ್ಲದಿದ್ದರೆ ಸ್ಯಾಟಿನ್ ಹಾಕಿಬಿಡುತ್ತಾರೆ, ನಮ್ಮ ಸೆಕೆಗೆ ಅದು ಆಗಿಬರುವುದಿಲ್ಲ. ನಿಮಗೆ ಬೇಕಾದ ದಿನಕ್ಕಿಂತ ಒಂದು ವಾರ ಮುಂಚಿನ ತಾರೀಖು ಹೇಳಿ. ಫೋನ್ ಎತ್ತುವುದಿಲ್ಲ, ಹೋಗಿ ಎದುರಿಗೆ ನಿಲ್ಲಬೇಕು.